ನಿಜವಾದ ಮಣ್ಣು ಹಾಕಿದರೂ ಮಾದರಿಯ ನೆಲ ನಿಜದಂತೆ ಕಾಣುವುದಿಲ್ಲ, ಏಕೆ?

ದಸರಾ ಬಂತೆಂದರೆ ಹಳೆ ಮೈಸೂರು ಕಡೆಯ ಮನೆಗಳಲ್ಲಿ ಗೊಂಬೆಗಳ ಪಕ್ಕದಲ್ಲೇ ಒಂದು ಪಾರ್ಕು, ಒಂದು ಬೆಟ್ಟ, ಒಂದು ಪುಟ್ಟ ಹಳ್ಳಿಯೂ ತಲೆ ಎತ್ತುತ್ತದೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಗೋದಲಿಗಳ ಸರದಿ. ಇನ್ನು ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನವಂತೂ ಮಳೆನೀರು ಕೊಯ್ಲಿನಿಂದ ಜ್ವಾಲಾಮುಖಿಯವರೆಗೆ ಮಾದರಿಗಳ ಜಾತ್ರೆ. ಇಂಥ ಮೂರು ಆಯಾಮದ ದೃಶ್ಯಕ್ಕೆ ಡಯೋರಾಮಾ ಎಂದು ಹೆಸರು. 1822ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಡಾಗೇರ್ ಮತ್ತು ಅವನ ಜೊತೆಗಾರ ತೆರೆದ, ಬೆಳಕಿನ ಆಟದಿಂದ ಚಿತ್ರಗಳನ್ನು ಜೀವಂತವಾಗಿಸುವ ಪ್ರದರ್ಶನದ ಹೆಸರದು. ಛಾಯಾಗ್ರಹಣದ ಆರಂಭದ ದಿನಗಳಲ್ಲಿ ಹೆಸರು ಮಾಡಿದ ಡಾಗೇರ್ ಇವನೇ.

ಎಲ್ಲ ಮಾದರಿಗಳಿಗೂ ಬೇಕಾದದ್ದು ನೆಲ. ನಮ್ಮಲ್ಲಿ ಅದಕ್ಕೊಂದು ಸಿದ್ಧಸೂತ್ರವಿದೆ: ಥರ್ಮೋಕೋಲ್ ಹಾಳೆ, ಹಸಿರು ಬಣ್ಣ ಕಲಸಿದ ಮರದ ಪುಡಿ, ಕೆರೆಗೆ ನೀಲಿ ಪೇಂಟು. ಸ್ವಲ್ಪ ಕಾಳಜಿ ಇರುವವರು ಹಿತ್ತಲಿನಿಂದ ಒಂದು ಹಿಡಿ ಮಣ್ಣು ತಂದು ಉದುರಿಸುತ್ತಾರೆ. ಮಣ್ಣಿಗಿಂತ ಚೆನ್ನಾಗಿ ಮಣ್ಣಿನಂತೆ ಕಾಣುವುದು ಇನ್ನೇನಿದೆ ಎಂಬುದು ಅವರ ಲೆಕ್ಕಾಚಾರ. ಆದರೆ ಅದರ ಮೇಲೆ ಎರಡು ಸೆಂಟಿಮೀಟರಿನ ಎತ್ತು, ಗಾಡಿ ಇಟ್ಟ ಕೂಡಲೇ ಎಲ್ಲವೂ ಕೆಡುತ್ತದೆ. ಎತ್ತು ಹೊಲದಲ್ಲಿ ನಿಂತಂತೆ ಕಾಣುವುದಿಲ್ಲ, ಕಲ್ಲು ಕ್ವಾರಿಯೊಳಗೆ ನಿಂತಂತೆ ಕಾಣುತ್ತದೆ.

ಇದಕ್ಕೆ ಕಾರಣ ಕೈಚಳಕದ ಕೊರತೆಯಲ್ಲ, ಭೌತಶಾಸ್ತ್ರ. ದೊಡ್ಡದನ್ನು ಚಿಕ್ಕದು ಮಾಡುವಾಗ ಕೆಲವು ಗುಣಗಳು ಜೊತೆಗೆ ಕುಗ್ಗುತ್ತವೆ, ಕೆಲವು ಕುಗ್ಗುವುದಿಲ್ಲ. ಯಾವುದು ಕುಗ್ಗುತ್ತದೆ, ಯಾವುದು ಇಲ್ಲ ಎಂದು ತಿಳಿದರೆ ದುಬಾರಿ ಸಾಮಾನು ಬೇಡ, ಅಡುಗೆಮನೆ ಮತ್ತು ಹಿತ್ತಲಿನಲ್ಲಿ ಸಿಗುವುದೇ ಸಾಕು. ಉದಾಹರಣೆಗೆ ನಮ್ಮ ಬಯಲುಸೀಮೆಯ ಒಂದು ದೃಶ್ಯವನ್ನೇ ತೆಗೆದುಕೊಳ್ಳೋಣ: ಏಪ್ರಿಲ್ ತಿಂಗಳಿನಲ್ಲಿ ಬತ್ತುತ್ತಿರುವ ಒಂದು ಕೆರೆ. ಕೆಂಪು ಮಣ್ಣಿನ ಏರಿ, ಬಿರುಕು ಬಿಟ್ಟ ಅಂಗಳ, ತೂಬಿನ ಬಳಿ ಉಳಿದ ಒಂದಿಷ್ಟು ನೀರು, ಸುತ್ತ ಒಣಹುಲ್ಲು, ನಾಲ್ಕಾರು ಬಂಡೆ. ಅಳತೆ 1:72 ಇರಲಿ. ಅಂದರೆ 170 ಸೆಂ.ಮೀ. ಎತ್ತರದ ಮನುಷ್ಯ ಇಲ್ಲಿ ಸುಮಾರು 2.4 ಸೆಂ.ಮೀ. ಇರುತ್ತಾನೆ.

ಮಣ್ಣಿನ ಕಣಕ್ಕೆ ನಿಮ್ಮ ಅಳತೆ ಗೊತ್ತಿಲ್ಲ

ಮಣ್ಣುವಿಜ್ಞಾನದಲ್ಲಿ 2 ಮಿ.ಮೀ.ಗಿಂತ ಚಿಕ್ಕ ಕಣಕ್ಕೆ ಮರಳು, ಅದಕ್ಕಿಂತ ದೊಡ್ಡದಕ್ಕೆ ಜಲ್ಲಿ ಎನ್ನುತ್ತಾರೆ. ನಮ್ಮ ಮಾದರಿಯಲ್ಲಿ 2 ಮಿ.ಮೀ.ನ ಒಂದು ಮರಳಿನ ಕಣ 14 ಸೆಂ.ಮೀ.ಗೂ ಮೀರಿದ ಕಲ್ಲಾಗುತ್ತದೆ. ಹಿತ್ತಲಿನ ಮಣ್ಣಿನಲ್ಲಿ ಅಂಥ ಕಣಗಳು ಬೇಕಾದಷ್ಟಿವೆ. ಹಾಗಾಗಿಯೇ ಆ ಎತ್ತು ಕ್ವಾರಿಯಲ್ಲಿ ನಿಂತಂತೆ ಕಾಣುವುದು. 0.2 ಮಿ.ಮೀ.ನ ನಯವಾದ ಮರಳು ಕೂಡ ಒಂದೂವರೆ ಸೆಂಟಿಮೀಟರಿನ ಹರಳಾಗಿ ಕಾಣುತ್ತದೆ. ಮಾದರಿಯಲ್ಲಿ ಮಣ್ಣು ಮಣ್ಣಿನಂತೆ ಕಾಣಬೇಕಾದರೆ ಅದು ಟಾಲ್ಕಂ ಪೌಡರಿನಷ್ಟು ನುಣ್ಣಗಿರಬೇಕು.

ಅಷ್ಟು ನುಣ್ಣಗೆ ಮಾಡಲು ಎರಡು ದಾರಿ. ಮೊದಲನೆಯದು ಜರಡಿ. ಹಿಟ್ಟಿನ ಜರಡಿ, ಆಮೇಲೆ ಟೀ ಸೋಸುವ ಜಾಲರಿ, ಕೊನೆಗೆ ಹಳೆಯ ಮಲ್ ಪಂಚೆ ಅಥವಾ ವೇಲ್ ಬಟ್ಟೆ. ಪ್ರತಿ ಹಂತದಲ್ಲೂ ಮೇಲೆ ಉಳಿದದ್ದನ್ನು ಎಸೆಯಬೇಡಿ, ಬೇರೆ ಬೇರೆ ಡಬ್ಬಿಯಲ್ಲಿಡಿ. ಜಾಲರಿಯಲ್ಲಿ ಉಳಿದದ್ದು ಏರಿಯ ಬುಡದ ಕಲ್ಲುಗುಂಡು, ಬಟ್ಟೆಯಲ್ಲಿ ಉಳಿದದ್ದು ಗಾಡಿದಾರಿಯ ಹರಳು. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಮಣ್ಣು, ಇಟ್ಟಿಗೆ ಪುಡಿ ಎರಡರಲ್ಲೂ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ದೂಳು ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತದೆ. ಕಲ್ಲು ಕುಟ್ಟುವ ಕಾರ್ಮಿಕರನ್ನು ಕಾಡುವ ಸಿಲಿಕೋಸಿಸ್ ಬರುವುದು ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ, ಒಂದು ಸಂಜೆ ಜರಡಿ ಹಿಡಿದವರಿಗಲ್ಲ. ಆದರೂ ಬಾಗಿಲು ಹಾಕಿದ ಕೋಣೆಯಲ್ಲಿ, ಆಸ್ತಮಾ ಇರುವ ಮಗುವಿನ ಮುಂದೆ ಈ ಕೆಲಸ ಬೇಡ. ಹೊರಗೆ ಕೂತು, ಮಾಸ್ಕ್ ಹಾಕಿಕೊಂಡು ಮಾಡಿ, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ನನಗೆ ಹೆಚ್ಚು ಹಿಡಿಸುವುದು ಎರಡನೆಯ ದಾರಿ. ಇದರಲ್ಲಿ ದೂಳೇ ಏಳುವುದಿಲ್ಲ. ಬಕೆಟ್‌ನಲ್ಲಿ ನೀರು ತುಂಬಿ ಮಣ್ಣು ಹಾಕಿ ಚೆನ್ನಾಗಿ ಕಲಕಿ, ಅರ್ಧ ನಿಮಿಷ ಬಿಡಿ. ಆಮೇಲೆ ಮೇಲಿನ ಕದಡಿದ ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿ. ನೀರಿನಲ್ಲಿ ಕಣ ಮುಳುಗುವ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತದೆ, ಅಂದರೆ ಗಾತ್ರ ಹತ್ತು ಪಟ್ಟು ಕಡಿಮೆಯಾದರೆ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ. 0.1 ಮಿ.ಮೀ.ನ ಮರಳು ಒಂದು ಗೇಣು ನೀರನ್ನು ಅರ್ಧ ನಿಮಿಷದೊಳಗೆ ದಾಟಿ ತಳ ಸೇರಿದರೆ, 0.002 ಮಿ.ಮೀ.ನ ಜೇಡಿಗೆ ಅದೇ ದೂರಕ್ಕೆ ಅರ್ಧ ದಿನಕ್ಕೂ ಹೆಚ್ಚು ಬೇಕು. ಬಗ್ಗಿಸಿಟ್ಟ ನೀರನ್ನು ಒಂದು ದಿನ ಅಲ್ಲಾಡಿಸದೆ ಬಿಟ್ಟು, ಮೇಲಿನ ತಿಳಿಯನ್ನು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಕೆಸರು ಸಿಗುತ್ತದೆ.

ನಿಜವಾದ ಕೆರೆಯಲ್ಲೂ ನಡೆಯುವುದು ಇದೇ. ಹಳ್ಳ ಕೆರೆಯನ್ನು ಸೇರುವ ಬಾಯಲ್ಲಿ ನೀರಿನ ವೇಗ ತಗ್ಗುತ್ತದೆ, ದಪ್ಪ ಮರಳು ಅಲ್ಲೇ ಕೂರುತ್ತದೆ. ನುಣ್ಣನೆಯ ಹೂಳು ತೇಲಿಕೊಂಡು ಏರಿಯ ಹತ್ತಿರದ ಆಳಕ್ಕೆ ಬಂದು ನಿಧಾನವಾಗಿ ತಂಗುತ್ತದೆ. ರೈತರು ಹೊಲಕ್ಕೆ ಹೊಡೆಯುವ ಕೆರೆಗೋಡು ಮಣ್ಣು ಇದೇ. ಆದ್ದರಿಂದ ಮಾದರಿಯಲ್ಲೂ ಹಳ್ಳದ ಬಾಯಿಗೆ ಮರಳುಮರಳಾದ ಮಣ್ಣು, ತೂಬಿನ ಕಡೆಗೆ ನುಣ್ಣನೆಯ ಕೆಸರು ಹಾಕಿ. ನೋಡುವವರಿಗೆ ಕಾರಣ ಗೊತ್ತಿರಬೇಕಿಲ್ಲ. ಕೆರೆ ನೋಡಿದ ಕಣ್ಣು ಇದು ಸರಿಯಾಗಿದೆ ಎಂದು ತಾನಾಗಿ ಒಪ್ಪಿಕೊಳ್ಳುತ್ತದೆ.

ಬಿರುಕು ಮಾತ್ರ ಕುಗ್ಗುತ್ತದೆ

ಕಣದ ಗಾತ್ರ ನಮ್ಮ ಮಾತು ಕೇಳುವುದಿಲ್ಲ, ಆದರೆ ಕೆರೆಯಂಗಳದ ಬಿರುಕುಗಳು ಕೇಳುತ್ತವೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸೊಗಸೆನಿಸುವ ಭಾಗ ಇದು.

ಒದ್ದೆ ಜೇಡಿ ಒಣಗುವಾಗ ಕುಗ್ಗುತ್ತದೆ. ಮೇಲ್ಪದರ ಕುಗ್ಗಲು ನೋಡುತ್ತದೆ, ಕೆಳಗಿನ ನೆಲ ಅದನ್ನು ಹಿಡಿದುಕೊಂಡಿರುತ್ತದೆ. ಈ ಎಳೆದಾಟದಲ್ಲಿ ಒತ್ತಡ ಹೆಚ್ಚಿ ಒಂದು ಕಡೆ ಸೀಳು ಬೀಳುತ್ತದೆ. ಸೀಳಿದ ಜಾಗದ ಸುತ್ತ ಒತ್ತಡ ಇಳಿಯುತ್ತದೆ, ಮುಂದಿನ ಸೀಳು ಸ್ವಲ್ಪ ದೂರದಲ್ಲಿ ಬೀಳುತ್ತದೆ. ಆ ದೂರ ಎಷ್ಟು ಎನ್ನುವುದು ಮುಖ್ಯವಾಗಿ ಪದರದ ದಪ್ಪವನ್ನು ಅವಲಂಬಿಸಿದೆ. ಸಾಮಾನ್ಯವಾಗಿ ಅದು ದಪ್ಪದ ಕೆಲವು ಪಟ್ಟು ಇರುತ್ತದೆ. ದಪ್ಪ ಪದರಕ್ಕೆ ದೊಡ್ಡ ಹಲ್ಲೆಗಳು, ತೆಳು ಪದರಕ್ಕೆ ಚಿಕ್ಕ ಹಲ್ಲೆಗಳು. ಕೆರೆಯಲ್ಲಿ ಒಂದು ಗೇಣು ಅಗಲದ ಹಲ್ಲೆ ಇದೆ ಎಂದುಕೊಳ್ಳಿ. ಮಾದರಿಯಲ್ಲಿ ಅದು ಸುಮಾರು 3 ಮಿ.ಮೀ. ಆಗಬೇಕು. ಕೆಸರನ್ನು ಒಂದು ಮಿಲಿಮೀಟರ್ ದಪ್ಪಕ್ಕೆ ಬಳಿದು ಬಿಟ್ಟರೆ ಬಿರುಕುಗಳು ತಾವೇ ಆ ಅಂದಾಜಿಗೆ ಬರುತ್ತವೆ. ಸೂಜಿ ಹಿಡಿದು ಕೊರೆಯುವ ಅಗತ್ಯವಿಲ್ಲ. ಕೊರೆದದ್ದು ಹೇಗೂ ಕೊರೆದಂತೆಯೇ ಕಾಣುತ್ತದೆ.

ಇದು ಚೆನ್ನಾಗಿ ಆಗಬೇಕಾದರೆ ಮಣ್ಣು ಯಾವುದು ಎನ್ನುವುದೂ ಮುಖ್ಯ. ಉತ್ತರ ಕರ್ನಾಟಕದ ಎರೆ ಮಣ್ಣಿನಲ್ಲಿ ನೀರು ಹೀರಿ ಉಬ್ಬುವ, ಒಣಗಿ ಕುಗ್ಗುವ ಜೇಡಿ ಖನಿಜಗಳು ಹೆಚ್ಚು. ಅದಕ್ಕೇ ಬೇಸಿಗೆಯಲ್ಲಿ ಎರೆಹೊಲ ಕೈ ತೂರುವಷ್ಟು ಬಾಯಿಬಿಡುತ್ತದೆ. ಕೆಂಪು ಮಣ್ಣು ಅಷ್ಟು ಕುಗ್ಗುವುದಿಲ್ಲ. ಕೆರೆಗೋಡು ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಬಣ್ಣ ಹಾಕದ ಮಣ್ಣಿನ ಗಣಪನನ್ನು ವಿಸರ್ಜಿಸಿದ ಬಕೆಟ್‌ನ ತಳದ ಜೇಡಿಯೂ ಆಗುತ್ತದೆ. ಕೆಸರಿಗೆ ಗೋಂದು ಕಲಸಬೇಡಿ. ಗೋಂದು ಕಣಗಳನ್ನು ರಬ್ಬರಿನ ಹಾಗೆ ಹಿಡಿದುಕೊಂಡು ಸೀಳಲು ಬಿಡುವುದಿಲ್ಲ. ಗೋಂದನ್ನು ಕೆಳಗಿನ ರಟ್ಟಿಗೆ ಬಳಿದು, ಅದರ ಮೇಲೆ ಸ್ವಲ್ಪ ಮರಳು ಉದುರಿಸಿ ಒಣಗಿಸಿ. ಆ ಒರಟು ಮೈ ಕೆಸರನ್ನು ಹಿಡಿದುಕೊಳ್ಳುತ್ತದೆ. ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಬಳಿದರೆ ಕೆಸರು ಬಿರುಕು ಬಿಡುವ ಬದಲು ಹಪ್ಪಳದಂತೆ ಸುರುಳಿಯಾಗಿ ಎದ್ದು ಬರುತ್ತದೆ.

ಇದರದೇ ಇನ್ನೊಂದು ಆಟವಿದೆ. ಕಾರ್ನ್‌ಫ್ಲೋರ್ ಅನ್ನು ಅಷ್ಟೇ ನೀರಿನಲ್ಲಿ ಕಲಸಿ, ಎರಡು ಮೂರು ಸೆಂ.ಮೀ. ದಪ್ಪಕ್ಕೆ ಬಟ್ಟಲಿನಲ್ಲಿ ಹಾಕಿ, ಮೇಲೆ ಬಲ್ಬಿನ ಶಾಖ ಬೀಳುವಂತೆ ಇಟ್ಟು ಕೆಲವು ದಿನ ಒಣಗಿಸಿ. ಒಡೆದು ನೋಡಿದರೆ ಒಳಗೆ ಕೆಲವೇ ಮಿಲಿಮೀಟರ್ ಅಗಲದ, ಹಲವು ಮುಖಗಳ ಸಣ್ಣ ಕಂಬಗಳ ಸಾಲು ಕಾಣುತ್ತದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಲಾವಾ ತಣಿದು ಕುಗ್ಗುವಾಗ ಆದವು, ಇವು ಪಿಷ್ಟ ಒಣಗಿ ಕುಗ್ಗುವಾಗ ಆದವು. ಕುಗ್ಗುವ ಕಾರಣ ಬೇರೆ, ಸೀಳುವ ಗಣಿತ ಒಂದೇ. ಭೂವಿಜ್ಞಾನಿಗಳು ಲಾವಾ ಕಂಬಗಳನ್ನು ಅರಿಯಲು ಪ್ರಯೋಗಾಲಯದಲ್ಲಿ ಕಾರ್ನ್‌ಫ್ಲೋರನ್ನೇ ಬಳಸಿದ್ದಾರೆ. ವಸ್ತುಪ್ರದರ್ಶನಕ್ಕೆ ವಿಷಯ ಹುಡುಕುತ್ತಿರುವವರು ಇದನ್ನು ನೋಡಬಹುದು, ಅಡುಗೆ ಸೋಡಾದ ಜ್ವಾಲಾಮುಖಿಯನ್ನು ಎಲ್ಲರೂ ನೋಡಿಯಾಗಿದೆ.

ಅಂಟಿಸುವುದು, ಮತ್ತು ಅಂಟಿಸಿದ ಮೇಲೆ ಕಪ್ಪಾಗುವುದು

ಅಂಗಳ ಬಿಟ್ಟು ಉಳಿದ ಕಡೆ, ಅಂದರೆ ಏರಿ, ದಾರಿ, ದಿಣ್ಣೆಗಳಲ್ಲಿ ಪುಡಿಮಣ್ಣನ್ನು ಅಂಟಿಸಬೇಕು. ಫೆವಿಕಾಲ್‌ನಂಥ ಬಿಳಿ ಗೋಂದಿಗೆ ಮೂರು ಪಟ್ಟು ನೀರು ಬೆರೆಸಿ ಡ್ರಾಪರ್‌ನಿಂದ ಹಾಕುವುದು ರೂಢಿ. ಮೊದಲ ಸಲ ಹಾಗೆ ಮಾಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ: ಹನಿ ಒಳಗೆ ಇಳಿಯದೆ, ದೂಳು ಮೆತ್ತಿಕೊಂಡ ಗೋಲಿಯಂತೆ ಇಳಿಜಾರಿನಲ್ಲಿ ಉರುಳುತ್ತದೆ. ನೀರಿನ ಮೇಲ್ಮೈ ಎಳೆತ ಹನಿಯನ್ನು ಗುಂಡಗೆ ಹಿಡಿದಿಡುವುದೇ ಇದಕ್ಕೆ ಕಾರಣ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿ. ಎಳೆತ ಅರ್ಧಕ್ಕೂ ಕೆಳಗಿಳಿದು, ಗೋಂದುನೀರು ಕಣಗಳ ಸಂದಿನಲ್ಲಿ ದೀಪದ ಬತ್ತಿಗೆ ಎಣ್ಣೆ ಏರಿದಂತೆ ತಾನೇ ಹರಡುತ್ತದೆ. ಅಲ್ಲಿಗೆ ಮುಗಿಯಿತು, ಕುಂಚದಿಂದ ಕೆದಕಬೇಡಿ.

ಮರುದಿನ ನೋಡಿದರೆ ಗಟ್ಟಿಯಾಗಿರುತ್ತದೆ, ಆದರೆ ಬಣ್ಣ ಕೆಟ್ಟಿರುತ್ತದೆ. ಏಪ್ರಿಲ್‌ನ ಒಣ ಏರಿ ಈಗಷ್ಟೇ ಮಳೆ ಬಿದ್ದಂತೆ ಕಾಣುತ್ತದೆ. ಒದ್ದೆ ನೆಲ ಕಪ್ಪಾಗಿ ಕಾಣುವುದೇಕೆ ಎಂಬ ಪ್ರಶ್ನೆಯೇ ಇಲ್ಲೂ ಇದೆ. ಅದಕ್ಕೆ 1925ರಲ್ಲಿ ಸ್ವೀಡನ್ನಿನ ಆಂಡರ್ಸ್ ಆಂಗ್‌ಸ್ಟ್ರಾಮ್ ಒಂದು ವಿವರಣೆ ಕೊಟ್ಟ. ಕಣಗಳ ಮೇಲೆ ನೀರಿನ ತೆಳುಪೊರೆ ಇದ್ದಾಗ, ಮಣ್ಣಿಗೆ ತಾಗಿ ಚದುರಿದ ಬೆಳಕಿನ ಒಂದು ಪಾಲು ಆ ಪೊರೆಯಿಂದ ಹೊರಬರಲಾಗದೆ ಒಳಗೇ ಪ್ರತಿಫಲಿಸಿ ಮತ್ತೆ ಮಣ್ಣಿಗೆ ಬೀಳುತ್ತದೆ. ಪ್ರತಿ ಸಲ ಬಿದ್ದಾಗಲೂ ಒಂದಿಷ್ಟನ್ನು ಮಣ್ಣು ನುಂಗುತ್ತದೆ, ಕಣ್ಣಿಗೆ ಮರಳುವ ಬೆಳಕು ಕಡಿಮೆಯಾಗುತ್ತದೆ. ಇದರ ಜೊತೆಗೆ, ಕಣಗಳ ನಡುವೆ ಗಾಳಿಯ ಬದಲು ನೀರು ತುಂಬಿದಾಗ ಬೆಳಕು ಹಿಂದಕ್ಕೆ ಚದುರುವುದು ಕಡಿಮೆಯಾಗಿ ಇನ್ನಷ್ಟು ಆಳಕ್ಕೆ ಹೋಗುತ್ತದೆ. ನೀರು ಆರಿಹೋಗುತ್ತದೆ. ಗೋಂದು ಆರುವುದಿಲ್ಲ, ಪಾರದರ್ಶಕ ಪೊರೆಯಾಗಿ ಅಲ್ಲೇ ಉಳಿಯುತ್ತದೆ. ಬೆಳಕಿನ ಮಟ್ಟಿಗೆ ನಿಮ್ಮ ಏರಿ ಎಂದೆಂದಿಗೂ ಒದ್ದೆ.

ಪರಿಹಾರ ಸುಲಭ. ಗೋಂದು ಒಣಗಿದ ಮೇಲೆ ಅದೇ ಪುಡಿಮಣ್ಣನ್ನು ಒಣ ಕುಂಚದಲ್ಲಿ ಮೇಲಿನಿಂದ ಉಜ್ಜಿ, ಹೆಚ್ಚಾದದ್ದನ್ನು ಊದಿಬಿಡಿ. ಒರಟು ಮೈಯಲ್ಲಿ ಸಿಕ್ಕಿಕೊಂಡ ಆ ಕೊನೆಯ ಪದರಕ್ಕೆ ಗೋಂದು ತಾಗಿರುವುದಿಲ್ಲ, ಅದು ಒಣಮಣ್ಣಿನ ಬಣ್ಣವನ್ನೇ ತೋರಿಸುತ್ತದೆ. ತೂಬಿನ ಬಳಿ, ನೀರಿನ ಅಂಚಿನಲ್ಲಿ ಮಾತ್ರ ಹಾಗೆ ಉಜ್ಜಬೇಡಿ. ಅಲ್ಲಿ ಒದ್ದೆಯಾಗಿ ಕಾಣುವುದೇ ಸರಿ.

ಬಿರುಕು ಬಿಟ್ಟ ಅಂಗಳಕ್ಕೆ ಗೋಂದುನೀರು ಸುರಿದರೆ ಜೇಡಿ ಮತ್ತೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಸಂದುಗಳಿಗೆ ಮಾತ್ರ ಒಂದೊಂದು ಹನಿ ಇಳಿಸಿ, ಒಂದು ದಿನ ಬಿಟ್ಟು ಮುಂದುವರಿಸಿ.

ಬಣ್ಣದ ವಿಷಯದಲ್ಲಿ ಇನ್ನೊಂದು ಮಾತು. ಮಾದರಿ ತಯಾರಿಸುವವರಲ್ಲಿ ಒಂದು ನಂಬಿಕೆಯಿದೆ: ದೂರದ ವಸ್ತು ಗಾಳಿಯಿಂದ ಮಸುಕಾಗುವ ಹಾಗೆ, ಮಾದರಿಯ ಬಣ್ಣವನ್ನೂ ಮಸುಕು ಮಾಡಬೇಕು ಎಂದು. ಲೆಕ್ಕ ಹಾಕಿ ನೋಡಿ. 30 ಸೆಂ.ಮೀ. ದೂರದಿಂದ 1:72 ಮಾದರಿಯನ್ನು ನೋಡುವುದು 21.6 ಮೀಟರ್ ದೂರದಿಂದ ನಿಜವಾದ ಕೆರೆ ನೋಡಿದಂತೆ. ಅಷ್ಟು ಗಾಳಿ ಯಾವ ಬಣ್ಣವನ್ನೂ ಮಸುಕು ಮಾಡುವುದಿಲ್ಲ. ಆದರೂ ಬಣ್ಣ ಕೊಂಚ ತಿಳಿಯಾಗಿರಬೇಕು ಎಂಬ ಸಲಹೆ ಸರಿಯೇ. ಕಾರಣ ಬೆಳಕು. ನೆತ್ತಿಯ ಬಿಸಿಲು ಸುಮಾರು 1 ಲಕ್ಷ ಲಕ್ಸ್, ಮನೆಯೊಳಗಿನ ದೀಪ ಕೆಲವು ನೂರು ಲಕ್ಸ್. ಬಿಸಿಲಿನಲ್ಲಿ ಕೆಂಪಗೆ ಹೊಳೆಯುವ ಮಣ್ಣು ಕೋಣೆಯೊಳಗೆ ಕಂದಾಗಿ ಮಂಕಾಗುತ್ತದೆ. ಒಂದು ಚಿಟಿಕೆ ಬಿಳಿ ರಂಗೋಲಿ ಪುಡಿ ಬೆರೆಸಿದರೆ ಆಯಿತು.

ಕೆಮ್ಮಣ್ಣು ಉಳಿಯುತ್ತದೆ, ಅರಿಸಿನ ಉಳಿಯುವುದಿಲ್ಲ

ಮನೆಯಲ್ಲಿ ಸಿಗುವ ಬಣ್ಣಗಳಲ್ಲಿ ಎರಡು ಜಾತಿ. ರಂಗೋಲಿಯ ಅಂಚಿಗೆ ಹಾಕುವ ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಬಯಲುಸೀಮೆಯ ನೆಲದ ಕೆಂಪೂ ಅದರದೇ. ಅದು ಆಗಲೇ ತುಕ್ಕು ಹಿಡಿದು ಮುಗಿದ ಕಬ್ಬಿಣ, ಬಿಸಿಲು ಅದನ್ನು ಇನ್ನೇನೂ ಮಾಡಲಾರದು. ಅರಿಸಿನದ ಹಳದಿ ಹಾಗಲ್ಲ. ಅದರಲ್ಲಿರುವ ಕರ್ಕ್ಯುಮಿನ್ ಬೆಳಕಿಗೆ ಒಡೆಯುತ್ತದೆ, ಕಿಟಕಿಯ ಬಳಿ ಇಟ್ಟ ಹಳದಿ ಹುಲ್ಲು ಬೇಗನೆ ಬಿಳುಚಿಕೊಳ್ಳುತ್ತದೆ. ಸುಣ್ಣ, ಸಿಮೆಂಟು ತಾಗಿದರಂತೂ ಕೆಂಪಾಗಿಬಿಡುತ್ತದೆ, ಆರತಿಯ ಓಕುಳಿ ನೀರಿನಲ್ಲಿ ಆಗುವುದೂ ಇದೇ. ನುಗ್ಗೆಸೊಪ್ಪು, ಕರಿಬೇವು ಒಣಗಿಸಿ ಮಾಡಿದ ಹಸಿರು ಪುಡಿಯೂ ಅಷ್ಟೇ: ಎಲೆಯ ಕ್ಲೋರೋಫಿಲ್ ತನ್ನ ಮೆಗ್ನೀಷಿಯಂ ಕಳೆದುಕೊಂಡು ಕಂದುಹಸಿರಿಗೆ ತಿರುಗುತ್ತದೆ.

ನಮಗೆ ಬೇಕಾದದ್ದು ಏಪ್ರಿಲ್‌ನ ಹುಲ್ಲು. ಅದು ಹಸಿರೇ ಅಲ್ಲ. ತೆಂಗಿನ ನಾರು, ಗೋಣಿದಾರ ಇವುಗಳ ಸಹಜ ಬಣ್ಣವೇ ಒಣಹುಲ್ಲಿನ ಬಣ್ಣ. ಗೋಣಿದಾರವನ್ನು ಬಿಡಿಸಿ, ಐದಾರು ಮಿ.ಮೀ. ಉದ್ದಕ್ಕೆ ಕತ್ತರಿಸಿ, ಬುಡಕ್ಕೆ ಗೋಂದು ಮುಟ್ಟಿಸಿ ಸಣ್ಣ ಕುಚ್ಚುಗಳಾಗಿ ನೆಡಿ. ಎಲ್ಲ ಕಡೆ ಒಂದೇ ಸಮ ನೆಡಬೇಡಿ. ಹುಲ್ಲು ಬೆಳೆಯುವುದು ತೇವ ನಿಲ್ಲುವಲ್ಲಿ: ಕಲ್ಲಿನ ಬುಡ, ಏರಿಯ ಕೆಳಅಂಚು, ಕಾಲುವೆಯ ಬದಿ. ದನ ಓಡಾಡುವ ದಾರಿಯಲ್ಲಿ ಒಂದು ಎಳೆಯೂ ಇರುವುದಿಲ್ಲ. ಸೋಸಿದ ಟೀ ಪುಡಿ ಒಣಗಿದರೆ ಮರದಡಿಯ ತರಗೆಲೆಗೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಹಾಲುಸಕ್ಕರೆ ಹಾಕಿ ಕುದಿಸಿದ್ದಾದರೆ ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ಇರುವೆಗಳು ನಿಮ್ಮ ಕೆರೆ ನೋಡಲು ಸಾಲಾಗಿ ಬರುತ್ತವೆ. ಜಾಲಿಗಿಡಕ್ಕೆ ಯಾವುದಾದರೂ ಸಸಿಯ ಒಣಗಿದ ನಾರುಬೇರನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ಸಾಕು.

ಹುಲ್ಲನ್ನು ನೆಟ್ಟಗೆ ನಿಲ್ಲಿಸಲು ಸೊಳ್ಳೆ ಬ್ಯಾಟ್ ಬಿಚ್ಚಿ ಸ್ಥಿರವಿದ್ಯುತ್ ಯಂತ್ರ ಮಾಡಿಕೊಳ್ಳುವ ವಿಡಿಯೋಗಳಿವೆ. ತತ್ವ ಸರಿ, ವಿದ್ಯುತ್ ಕ್ಷೇತ್ರದಲ್ಲಿ ನೈಲಾನ್ ಎಳೆಗಳು ಎದ್ದು ನಿಲ್ಲುತ್ತವೆ. ಆದರೆ ಆ ಬ್ಯಾಟಿನೊಳಗಿನ ಕೆಪಾಸಿಟರ್ ಸಾವಿರಾರು ವೋಲ್ಟ್‌ನಷ್ಟು ವಿದ್ಯುತ್ತನ್ನು ಸ್ವಿಚ್ ಆಫ್ ಮಾಡಿದ ಮೇಲೂ ಹಿಡಿದಿಟ್ಟುಕೊಂಡಿರಬಹುದು. ಶಾಲೆಯ ಮಕ್ಕಳ ಕೈಗೆ ಕೊಡುವ ಕೆಲಸವಲ್ಲ.

ಬಂಡೆಗಳ ಮಾತಿಗೆ ಬಂದರೆ, ಬಂಡೆ ಬೇಕೆಂದು ಗ್ರಾನೈಟ್ ಚೂರು ತಂದು ಇಡುವುದು ಮರಳಿನ ತಪ್ಪನ್ನೇ ಮತ್ತೆ ಮಾಡಿದಂತೆ. ಗ್ರಾನೈಟಿನ ಹರಳು ನಾಲ್ಕೈದು ಮಿ.ಮೀ. ಇದ್ದರೆ ಮಾದರಿಯಲ್ಲಿ ಒಂದಡಿಯ ಚುಕ್ಕೆಗಳಾಗಿ ಕಾಣುತ್ತವೆ. ಆದರೆ ಕಲ್ಲು ಒಡೆದ ಮೈಗೆ ಅಳತೆಯಿಲ್ಲ. ಚಿಕ್ಕ ಕಲ್ಲಿನ ಮುರುಕೂ ದೊಡ್ಡ ಬೆಟ್ಟದ ಮುರುಕೂ ಒಂದೇ ಥರ ಕಾಣುತ್ತವೆ. ಭೂವಿಜ್ಞಾನಿಗಳು ಬಂಡೆಯ ಫೋಟೋ ತೆಗೆಯುವಾಗ ಪಕ್ಕದಲ್ಲಿ ಸುತ್ತಿಗೆಯನ್ನೋ ನಾಣ್ಯವನ್ನೋ ಇಡುವುದು ಇದಕ್ಕೇ. ಹಾಗಾಗಿ ಹರಳು ಕಾಣದ, ನುಣ್ಣನೆ ಕಣದ ವಸ್ತು ಆರಿಸಿ ಒಡೆಯಿರಿ: ಇದ್ದಿಲು, ಒಡೆದ ಹೆಂಚು, ಮರದ ತೊಗಟೆ. ಮೇಲೆ ಬೂದುಬಣ್ಣದ ಪೇಂಟು ತೆಳುವಾಗಿ ಬಳಿದರೆ ಆಯಿತು.

ನೀರಿಗೆ ನೀರು ಹಾಕಬೇಡಿ. ಅದು ಕುಗ್ಗದ ವಸ್ತುಗಳಲ್ಲೇ ಮೊದಲನೆಯದು. ದಡಕ್ಕೆ ತಾಗುವಲ್ಲಿ ನೀರು ಎರಡು ಮೂರು ಮಿ.ಮೀ. ಮೇಲೆ ಏರಿ ಬಾಗುತ್ತದೆ, ಮಾದರಿಯಲ್ಲಿ ಅದು ಒಂದು ಗೇಣಿನ ಗೋಡೆ. ತಳಕ್ಕೆ ಕೆಸರಿನ ಕಂದುಹಸಿರು ಬಣ್ಣ ಬಳಿದು, ನೀರು ಬೆರೆಸದ ಬಿಳಿ ಗೋಂದನ್ನು ಒಂದು ಮಿ.ಮೀ.ಗಿಂತ ತೆಳುವಾಗಿ ಹರಡಿ ಒಂದು ದಿನ ಬಿಡಿ, ಮತ್ತೆ ಹರಡಿ. ಗೋಂದು ಬೆಳ್ಳಗೆ ಕಾಣುವುದು ನೀರಿನಲ್ಲಿ ತೇಲುವ ಅತಿ ಸಣ್ಣ ಪಾಲಿಮರ್ ಕಣಗಳು ಬೆಳಕನ್ನು ಚದುರಿಸುವುದರಿಂದ. ನೀರು ಹೋಗಿ ಕಣಗಳು ಒಂದಾದಾಗ ಅದು ಗಾಜಿನಂತಾಗುತ್ತದೆ. ಒಂದೇ ಸಲ ದಪ್ಪಗೆ ಸುರಿದರೆ ಮೇಲ್ಪದರ ಮೊದಲು ಗಟ್ಟಿಯಾಗಿ, ಕೆಳಗಿನ ನೀರು ಸಿಕ್ಕಿಬಿದ್ದು, ವಾರಗಟ್ಟಲೆ ಹಾಲಿನಂತೆಯೇ ಉಳಿಯುತ್ತದೆ.

ಕೈ ಸುಡುವ ಪ್ಲಾಸ್ಟರ್, ಕರಗುವ ಥರ್ಮೋಕೋಲ್

ಈ ಕೆಲಸದಲ್ಲಿ ನಿಜವಾಗಿ ಅಪಾಯವಿರುವುದು ಬುನಾದಿಯಲ್ಲಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬಿಳಿ ಪುಡಿ, ನೀರು ಹಾಕಿದರೆ ಗಟ್ಟಿಯಾಗುತ್ತದೆ, ಮಕ್ಕಳಿಗೂ ಕೊಡಬಹುದು ಎಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಅದು ಒಣಗಿ ಗಟ್ಟಿಯಾಗುವುದಲ್ಲ. ನೀರಿನೊಂದಿಗೆ ಕೂಡಿ ಜಿಪ್ಸಂ ಆಗುವ ರಾಸಾಯನಿಕ ಕ್ರಿಯೆ ಅದು, ಅದರಲ್ಲಿ ಶಾಖ ಹೊರಬರುತ್ತದೆ. ಬೆಟ್ಟದ ಮೇಲೆ ತೆಳುವಾಗಿ ಬಳಿದಾಗ ಆ ಶಾಖ ಗಾಳಿಗೆ ಹೋಗುತ್ತದೆ, ಕೈಗೆ ಬೆಚ್ಚಗೆ ತಾಗುವುದಷ್ಟೇ. ಬಕೆಟ್‌ನಲ್ಲಿ ದಪ್ಪಗೆ ಇದ್ದಾಗ ಹೋಗಲು ಜಾಗವಿಲ್ಲದೆ ಬಿಸಿ 60 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು. 2007ರಲ್ಲಿ ಇಂಗ್ಲೆಂಡಿನ ಒಂದು ಶಾಲೆಯ ಕಲಾ ತರಗತಿಯಲ್ಲಿ 16 ವರ್ಷದ ವಿದ್ಯಾರ್ಥಿನಿಯೊಬ್ಬಳು ಅಚ್ಚು ತೆಗೆಯಲೆಂದು ಕೈಗಳನ್ನು ಪ್ಲಾಸ್ಟರಿನಲ್ಲಿ ಅದ್ದಿದಳು. ಅದು ಗಟ್ಟಿಯಾಯಿತು, ಕೈ ಹೊರಗೆ ಬರಲಿಲ್ಲ, ಬಿಸಿ ಏರುತ್ತಲೇ ಹೋಯಿತು. ಅವಳು ಬೆರಳುಗಳ ಬಹುಭಾಗವನ್ನು ಕಳೆದುಕೊಂಡಳು. ಪ್ಲಾಸ್ಟರನ್ನು ಚಮಚದಿಂದ ಕಲಸಿ, ಚಮಚದಿಂದಲೇ ಬಳಿಯಿರಿ. ಕೈ, ಮುಖ ಯಾವುದನ್ನೂ ಅದರೊಳಗೆ ಇಡಬೇಡಿ. ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ, ಅದು ಪೈಪಿನೊಳಗೂ ಗಟ್ಟಿಯಾಗುತ್ತದೆ.

ಥರ್ಮೋಕೋಲ್ ಅಂದರೆ ಪಾಲಿಸ್ಟೈರೀನ್, ಬಹುಪಾಲು ಗಾಳಿಯೇ ತುಂಬಿದ ಪ್ಲಾಸ್ಟಿಕ್ ನೊರೆ. ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್, ಪೆಟ್ರೋಲ್ ತಾಗಿದರೆ ಅದು ಕ್ಷಣದಲ್ಲಿ ಕುಸಿದು ಅಂಟಾಗುತ್ತದೆ. ಸ್ಪ್ರೇ ಪೇಂಟ್ ಹೊಡೆದ ಬೆಟ್ಟ ರಾತ್ರೋರಾತ್ರಿ ತೂತಾಗುವುದು ಇದರಿಂದ. ಅದಕ್ಕೆ ನೀರಿನ ಬಣ್ಣ, ಬಿಳಿ ಗೋಂದು ಮಾತ್ರ ಸರಿ. ಕಾಯಿಸಿದ ತಂತಿಯಿಂದ ಕತ್ತರಿಸಿದಾಗ ಬರುವ ಹೊಗೆಯಲ್ಲಿ ಸ್ಟೈರೀನ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2018ರಿಂದ ಅದನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗದಲ್ಲಿಟ್ಟಿದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಊದುಬತ್ತಿಯಿಂದ ಥರ್ಮೋಕೋಲ್ ಕೊರೆಯುವ ಅಭ್ಯಾಸ ಬಿಡುವುದು ಒಳ್ಳೆಯದು.

ನನ್ನ ಆಯ್ಕೆ ಆನ್‌ಲೈನ್ ಪಾರ್ಸಲ್‌ಗಳ ರಟ್ಟು. ಎತ್ತರಕ್ಕೆ ತಕ್ಕಂತೆ ಕತ್ತರಿಸಿ ಮೆಟ್ಟಿಲುಮೆಟ್ಟಿಲಾಗಿ ಅಂಟಿಸಿ, ಮೇಲೆ ಹಳೆ ಪೇಪರಿನ ಪಟ್ಟಿಗಳನ್ನು ಗೋಂದಿನಲ್ಲಿ ಅದ್ದಿ ಹೊದಿಸಿದರೆ ಏರಿ, ದಿಣ್ಣೆ ಎಲ್ಲ ಬರುತ್ತದೆ. ರಟ್ಟು ಒಂದೇ ಕಡೆ ಒದ್ದೆಯಾದರೆ ಆ ಬದಿಯ ನಾರುಗಳು ಉಬ್ಬಿ, ಒಣಗುವಾಗ ಎಳೆದು ಇಡೀ ಹಲಗೆ ಬಾಗುತ್ತದೆ. ಮೊದಲೇ ಎರಡೂ ಬದಿಗೆ ಆಯಿಲ್ ಪೇಂಟ್ ಬಳಿದರೆ ಈ ಕಾಟವಿಲ್ಲ. ಮೈದಾ ಅಂಟು ಅಗ್ಗ, ಆದರೆ ಜಿರಲೆಗೂ ಬೂಷ್ಟಿಗೂ ಅದು ಊಟ. ಹಳೆಯ ಬೈಂಡರ್‌ಗಳು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಹಿತ್ತಲಿನ ಮಣ್ಣು, ಟೀ ಪುಡಿ, ನಾರು ಇವನ್ನೆಲ್ಲ ಬಳಸುವ ಮುಂಚೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಪೂರ್ತಿ ಒಣಗಿಸಿದರೆ ಮೊಟ್ಟೆ, ಬೂಷ್ಟು ಬಹುಮಟ್ಟಿಗೆ ಸಾಯುತ್ತವೆ. ತೇವವಿಲ್ಲದಿದ್ದರೆ ಮತ್ತೆ ಹುಟ್ಟುವುದೂ ಕಷ್ಟ. ಟೀ ಪುಡಿ, ನಾರು ಒಲೆಯ ಮೇಲಿರುವಾಗ ಅಲ್ಲಿಂದ ಕದಲಬೇಡಿ, ಬೇಗ ಹೊತ್ತಿಕೊಳ್ಳುತ್ತವೆ.

ಎಲ್ಲ ಮುಗಿದ ಮೇಲೆ ಟ್ಯೂಬ್‌ಲೈಟ್ ಆರಿಸಿ. ಉದ್ದನೆಯ ಟ್ಯೂಬಿನ ಬೆಳಕು ಎಲ್ಲ ಕಡೆಯಿಂದ ಬಂದು ನೆರಳನ್ನೇ ಅಳಿಸುತ್ತದೆ, ನೀವು ಕಷ್ಟಪಟ್ಟು ತಂದ ಬಿರುಕುಗಳು ಚಪ್ಪಟೆಯಾಗುತ್ತವೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಮೊಬೈಲಿನ ಟಾರ್ಚ್ ಬಲ್ಬು ನಾಲ್ಕೈದು ಮಿ.ಮೀ. ಅಗಲವಿದ್ದು ಅರ್ಧ ಮೀಟರ್ ದೂರದಲ್ಲಿದ್ದರೆ ಅದೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅದನ್ನು ಏರಿಯ ಹಿಂದಿನಿಂದ, ಓರೆಯಾಗಿ, ಸಂಜೆ ನಾಲ್ಕೂವರೆಯ ಬಿಸಿಲಿನ ಎತ್ತರಕ್ಕೆ ಹಿಡಿದು ನೋಡಿ.